ಓಮ್ ರೇಂಜಿನಲ್ಲಿ ಒಎಲ್, ನ್ಯಾನೋಸೀಮೆನ್ಸಿನಲ್ಲಿ 18: ಬೋರ್ಡ್ ಲೀಕ್ ಆಗ್ತಿದೆಯಾ?

ಕತ್ತಲಪೆಟ್ಟಿಗೆ: ಫೋಟೋಡಯೋಡ್ (ಬೆಳಕು ಬಿದ್ದರೆ ಸಣ್ಣ ಕರೆಂಟ್ ಕೊಡುವ ಡಯೋಡ್) ಆಂಪ್ಲಿಫೈಯರ್ ಕಟ್ಟಿದ್ದೇನೆ. ಸಪ್ಲೈ ಪ್ಲಸ್-ಮೈನಸ್ 5 ವೋಲ್ಟ್, ಫೀಡ್‌ಬ್ಯಾಕ್ ರೆಸಿಸ್ಟರ್ 10 ಮೆಗಾಓಮ್. ಪೂರ್ತಿ ಕತ್ತಲಲ್ಲಿಟ್ಟರೂ ಔಟ್‌ಪುಟ್ ಮೈನಸ್ 0.9 ವೋಲ್ಟಿನಲ್ಲೇ ನಿಂತಿರುತ್ತದೆ. ಐಸಿ ಬದಲಾಯಿಸಿದೆ, ಏನೂ ವ್ಯತ್ಯಾಸ ಇಲ್ಲ. ಐಸಿ, ಡಯೋಡ್ ಎರಡನ್ನೂ ಬಿಚ್ಚಿ ಇನ್‌ಪುಟ್ ಟ್ರ್ಯಾಕಿಗೂ ಪಕ್ಕದ ಪ್ಲಸ್ 5 ಟ್ರ್ಯಾಕಿಗೂ ಮೀಟರ್ ಹಿಡಿದರೆ ಓಮ್ ರೇಂಜ್ ಒಎಲ್ (ಅಳತೆ ರೇಂಜ್ ಮೀರಿದೆ) ಅನ್ನುತ್ತದೆ, ಆದರೆ ಎನ್‌ಎಸ್ ಅಂತ ಇರುವ ರೇಂಜಿಗೆ ಹಾಕಿದರೆ 18 ತೋರಿಸುತ್ತದೆ. ಎನ್‌ಎಸ್ ಅಂದರೆ ನ್ಯಾನೋಸೆಕೆಂಡ್ ಅಲ್ವಾ? ಯಾವುದನ್ನು ನಂಬಲಿ?

ಬೆಸುಗೆಕಡ್ಡಿ: ಎರಡೂ ಸರಿಯಾಗೇ ಇವೆ. ಅಲ್ಲಿರುವುದು ದೊಡ್ಡ ಎಸ್, ಅಂದರೆ ಸೀಮೆನ್ಸ್. ಓಮ್‌ನ ತಲೆಕೆಳಗು: ಒಂದನ್ನು ಓಮ್‌ನಿಂದ ಭಾಗಿಸಿದರೆ ಸೀಮೆನ್ಸ್ ಬರುತ್ತದೆ. 1000ವನ್ನು ನ್ಯಾನೋಸೀಮೆನ್ಸಿನಿಂದ ಭಾಗಿಸಿ, ನೇರವಾಗಿ ಮೆಗಾಓಮ್ ಸಿಗುತ್ತದೆ. ನಿಮ್ಮ 18 ಅಂದರೆ ಸುಮಾರು 56 ಮೆಗಾಓಮ್. ತುಂಬಾ ಮೀಟರ್‌ಗಳಲ್ಲಿ ಓಮ್ ರೇಂಜ್ 50 ಮೆಗಾಓಮ್‌ಗೇ ಮುಗಿಯುತ್ತದೆ, ಅದಕ್ಕೇ ಒಎಲ್.

ಈಗ ಲೆಕ್ಕ ನೋಡಿ. 18 ನ್ಯಾನೋಸೀಮೆನ್ಸ್ ಗುಣಿಸು 5 ವೋಲ್ಟ್, 90 ನ್ಯಾನೋಆಂಪ್. ಅದು 10 ಮೆಗಾಓಮ್‌ನಲ್ಲಿ ಹರಿದರೆ 0.9 ವೋಲ್ಟ್. ನಿಮ್ಮ ಕಳ್ಳ ಅಲ್ಲೇ ಸಿಕ್ಕಿದ! ಬೆಸುಗೆ ಹಾಕುವಾಗ ಬಳಸುವ ಅಂಟು, ಅಂದರೆ ಫ್ಲಕ್ಸ್, ಬೋರ್ಡಿನ ಮೇಲೆ ಉಳಿದಿರಬೇಕು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬ್ರಷ್ ಹಾಕಿ ತೊಳೆದು, ಚೆನ್ನಾಗಿ ಒಣಗಿಸಿ ಮತ್ತೆ ಅಳೆಯಿರಿ. ಪ್ರೋಬಿನ ಲೋಹದ ತುದಿಗೆ ಎರಡು ಕೈಯ ಬೆರಳೂ ತಾಗಬಾರದು, ಮೈ ಮೂಲಕ ಹರಿಯುವ ಕರೆಂಟೇ ಈ ರೇಂಜಿಗೆ ಜಾಸ್ತಿ ಆಗಿಬಿಡುತ್ತದೆ. ಪ್ರೋಬ್ ಬಿಡಿಯಾಗಿಟ್ಟಾಗ ಸೊನ್ನೆ ಬರದಿದ್ದರೆ ಆ ಅಂಕಿಯನ್ನು ಕಳೆಯಿರಿ.

ಹಳೇವಾಲ್ವ್: ಹಳೆಯ ಡೇಟಾಶೀಟ್‌ಗಳಲ್ಲಿ ಇದನ್ನೇ ಮೋ ಅಂತ ಬರೆಯುತ್ತಿದ್ದರು. 12ಎಎಕ್ಸ್7 ವಾಲ್ವಿಗೆ (ಹಳೆಯ ವ್ಯಾಕ್ಯೂಮ್ ಟ್ಯೂಬ್) 1600 ಮೈಕ್ರೋಮೋ ಅಂದರೆ 1600 ಮೈಕ್ರೋಸೀಮೆನ್ಸ್, ಅಂಕಿ ಬದಲಾಗುವುದಿಲ್ಲ. ಸೀಮೆನ್ಸ್ ಹೆಸರು ಅಧಿಕೃತವಾಗಿದ್ದು 1971ರಲ್ಲಿ.

ಕತ್ತಲಪೆಟ್ಟಿಗೆ: ಇದು ಆ ಕಂಪನಿಯ ಹೆಸರಾ?

ಹಳೇವಾಲ್ವ್: ಕಂಪನಿ ಶುರು ಮಾಡಿದವರ ಹೆಸರು, ವೆರ್ನರ್ ಸೀಮೆನ್ಸ್. 1847ರಲ್ಲಿ ಬರ್ಲಿನ್ನಿನಲ್ಲಿ ಹಾಲ್ಸ್ಕೆ ಜೊತೆ ಟೆಲಿಗ್ರಾಫ್ ಕಾರ್ಖಾನೆ ಹಾಕಿದವರು. ತಮ್ಮಂದಿರೂ ಕಡಿಮೆ ಏನಲ್ಲ. ವಿಲಿಯಂ ಇಂಗ್ಲೆಂಡಿಗೆ ಹೋಗಿ ನೆಲೆಸಿದರು, ಫ್ರೆಡ್ರಿಕ್ 1856ರಲ್ಲಿ ಬಿಸಿ ಹೊಗೆಯ ಶಾಖವನ್ನೇ ಮತ್ತೆ ಬಳಸುವ ಕುಲುಮೆಗೆ ಪೇಟೆಂಟ್ ಪಡೆದರು, ಅದನ್ನು ಉಕ್ಕಿನ ಕೆಲಸಕ್ಕೆ ಒಗ್ಗಿಸಿದ್ದರಲ್ಲಿ ವಿಲಿಯಂ ಪಾಲು ದೊಡ್ಡದು. ಆದರೆ ಯೂನಿಟ್ ಇರುವುದು ವೆರ್ನರ್ ಹೆಸರಲ್ಲಿ. ನನಗೆ ತುಂಬಾ ಇಷ್ಟವಾದ ವಿಷಯ ಅಂದರೆ, 1860ರಲ್ಲಿ ಅವರೇ ಸೂಚಿಸಿದ್ದು ರೆಸಿಸ್ಟೆನ್ಸಿನ ಯೂನಿಟ್: ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ಪಾದರಸದ ಕಂಬ, 0 ಡಿಗ್ರಿಯಲ್ಲಿ. ಇವತ್ತಿನ ಓಮ್‌ಗಿಂತ ಸ್ವಲ್ಪವೇ ಕಡಿಮೆ. ಯಾವ ಲ್ಯಾಬಿನಲ್ಲಾದರೂ ಮತ್ತೆ ಮಾಡಿ ನೋಡಬಹುದಾದ ಅಳತೆ ಬೇಕು ಅನ್ನುವುದು ಅವರ ಹಟ.

ಕತ್ತಲಪೆಟ್ಟಿಗೆ: ತೊಳೆದು ಒಣಗಿಸಿದೆ. ಈಗ 0.3 ನ್ಯಾನೋಸೀಮೆನ್ಸ್, ಔಟ್‌ಪುಟ್ ಮೈನಸ್ 15 ಮಿಲಿವೋಲ್ಟ್. ತುಂಬಾ ಥ್ಯಾಂಕ್ಸ್ ಇಬ್ಬರಿಗೂ.

ಬೆಸುಗೆಕಡ್ಡಿ: ಸೂಪರ್. ಮುಂದಿನ ಬೋರ್ಡಿನಲ್ಲಿ ಇನ್‌ಪುಟ್ ಸುತ್ತ ಗಾರ್ಡ್ ರಿಂಗ್ (ಲೀಕ್ ಕರೆಂಟನ್ನು ಒಳಗೆ ಬಿಡದ ತಾಮ್ರದ ಟ್ರ್ಯಾಕಿನ ಬಳೆ) ಹಾಕಿ ಗ್ರೌಂಡಿಗೆ ಸೇರಿಸಿ, ಪ್ಲಸ್ 5 ಟ್ರ್ಯಾಕನ್ನು ದೂರ ಒಯ್ಯಿರಿ.