ಪುಟ್ಟ ಮಕ್ಕಳ ಮಾನಸಿಕ ತೊಂದರೆ ಗುರುತಿಸುವ ತರಬೇತಿ: ಗುಳೆ ಹೋದ ಮನೆಗಳಿಗೆ ಇದು ಹೊಂದೀತೇ?

ಪ್ರಶ್ನೆ: ಕ್ಲಿನಿಕಲ್ ಸೈಕಾಲಜಿಸ್ಟ್, ಕೊಪ್ಪಳ

ಕುಷ್ಟಗಿ ಕಡೆಯ ಹಳ್ಳಿಯೊಂದರ ಅಂಗನವಾಡಿ ಕಾರ್ಯಕರ್ತೆ ಇಪ್ಪತ್ತೆರಡು ತಿಂಗಳ ಹುಡುಗನನ್ನು ಅಜ್ಜಿಯೊಂದಿಗೆ ನನ್ನಲ್ಲಿಗೆ ಕಳುಹಿಸಿದ್ದರು. ಚೀಟಿಯಲ್ಲಿ ‘ಆಟಿಸಂ ಶಂಕೆ’ ಎಂದಿತ್ತು, ಅಂದರೆ ಇತರರೊಂದಿಗೆ ಬೆರೆಯುವ, ಸಂವಹಿಸುವ ಬೆಳವಣಿಗೆಯಲ್ಲಿ ತೊಂದರೆ ಇರಬಹುದೆಂಬ ಅನುಮಾನ. ಹೆಸರು ಹಿಡಿದು ಕರೆದರೆ ಅವನು ತಿರುಗಲಿಲ್ಲ. ಅಜ್ಜಿಯ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಅಗಿಯುತ್ತಲೇ ಇದ್ದ, ಆದರೆ ಅವರು ನೀರು ಕುಡಿಯಲು ಎದ್ದೊಡನೆ ಚೀರಿದ. ತಂದೆತಾಯಿ ಐದು ತಿಂಗಳ ಹಿಂದೆ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಗುಳೆ ಹೋಗಿದ್ದಾರೆ. ನಾನು ಓದಿದ್ದೆಲ್ಲ ಹೆಚ್ಚಾಗಿ ಮಾತು ಬಂದ ಮಕ್ಕಳ ಬಗ್ಗೆ. ಶಿಶುಗಳ ಮಾನಸಿಕ ತೊಂದರೆಗಳನ್ನು ಗುರುತಿಸಿ ಹೆಸರಿಸಲೆಂದೇ ಇರುವ ‘ಡಿಸಿ: 0–5’ ವರ್ಗೀಕರಣದ ತರಬೇತಿ ಪಡೆದರೆ ಇಂಥ ಮಗುವಿಗೆ ನಿಜವಾಗಿ ಉಪಯೋಗವಾದೀತೇ?

ಉತ್ತರ 1: ಮಕ್ಕಳ ಮನೋವೈದ್ಯ, ಬಳ್ಳಾರಿ

ಆಗುತ್ತದೆ ಮೇಡಂ, ಆದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿರಿ. ಹೆಸರಿಗೆ ತಿರುಗದ ಮಗುವಿಗೆ ಯಾವುದೇ ರೋಗದ ಹೆಸರು ಕೊಡುವ ಮೊದಲು ಅದು ಆಗಲೇಬೇಕು.

ಈ ವರ್ಗೀಕರಣವನ್ನು ಅಮೆರಿಕದ ಝೀರೋ ಟು ಥ್ರೀ ಸಂಸ್ಥೆ 1994ರಲ್ಲಿ ಮೂರು ವರ್ಷದೊಳಗಿನವರಿಗೆಂದು ಹೊರತಂದಿತು. 2016ರಲ್ಲಿ ಅದನ್ನು ಐದು ವರ್ಷದವರೆಗೆ ವಿಸ್ತರಿಸಿ, 2021ರಲ್ಲಿ ಮತ್ತೆ ಪರಿಷ್ಕರಿಸಿತು. ಇದರಲ್ಲಿ ಐದು ಅಕ್ಷಗಳಿವೆ, ಅಂದರೆ ಮಗುವನ್ನು ನೋಡುವ ಐದು ಬಗೆಗಳು: ರೋಗಲಕ್ಷಣ, ಸಂಬಂಧ, ದೈಹಿಕ ಆರೋಗ್ಯ, ಮನೆಯ ಒತ್ತಡ ಮತ್ತು ಬೆಳವಣಿಗೆ. ನಿಮ್ಮ ಹುಡುಗನ ವಿಷಯದಲ್ಲಿ ಎರಡನೆಯ ಅಕ್ಷವೇ ಮುಖ್ಯವೆಂದು ನನಗೆ ಅನಿಸುತ್ತದೆ, ಏಕೆಂದರೆ ಅದು ಮಗುವನ್ನು ಒಂಟಿಯಾಗಿ ನೋಡದೆ, ಅದನ್ನು ಎತ್ತಿ ಆಡಿಸುವ ಒಬ್ಬೊಬ್ಬರೊಂದಿಗೂ ಅದರ ನಂಟು ಹೇಗಿದೆ ಮತ್ತು ಅವರವರ ನಡುವಿನ ಹೊಂದಾಣಿಕೆ ಹೇಗಿದೆ ಎಂದು ಕೇಳುತ್ತದೆ. ಅಜ್ಜಿ ಎದ್ದಾಗ ಚೀರಿದ್ದನ್ನು ನೀವು ಗಮನಿಸಿ ಬರೆದಿರಲ್ಲ, ಅದು ಆ ಅಕ್ಷಕ್ಕೆ ಸೇರಿದ ಮಾಹಿತಿ. ಹಾಗೆಂದು ಆಟಿಸಂ ಇಲ್ಲವೆಂದೂ ಆಗದು. ಆಟಿಸಂ ಇರುವ ಮಕ್ಕಳೂ ತಮ್ಮವರನ್ನು ಹಚ್ಚಿಕೊಳ್ಳುತ್ತಾರೆ. ಲಕ್ಷಣಗಳು ಪೂರ್ತಿ ಹೊಂದದಿದ್ದಾಗ ಬಳಸಲೆಂದು ಒಂಬತ್ತರಿಂದ ಮೂವತ್ತಾರು ತಿಂಗಳ ಮಕ್ಕಳಿಗೆ ಬೇರೆಯೇ ಒಂದು ವರ್ಗವೂ ಇದೆ. ಒಂದೇ ಭೇಟಿಯಲ್ಲಿ ನಿರ್ಧರಿಸದಿರುವುದನ್ನು ತರಬೇತಿ ಕಲಿಸುತ್ತದೆ. ಓಪಿಡಿಯ ಹತ್ತು ನಿಮಿಷದಲ್ಲಿ ಕುಳಿತ ನಮಗೆ ಅದೇ ಕಷ್ಟದ ಪಾಠ.

ಉತ್ತರ 2: ಶೀಘ್ರ ಮಧ್ಯಸ್ಥಿಕೆ (ಪುಟ್ಟ ಮಕ್ಕಳ ಬೆಳವಣಿಗೆಯ ತೊಂದರೆಗೆ ಬೇಗನೆ ನೆರವಾಗುವ) ಕೇಂದ್ರದ ಸಿಬ್ಬಂದಿ, ರಾಯಚೂರು

ಸರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಎರಡು ತಕರಾರುಗಳಿವೆ. ನಮ್ಮ ದಾಖಲೆಗೆ ಐಸಿಡಿ (ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ) ಸಂಕೇತ ಬೇಕು. ಹೊಸ ವರ್ಗೀಕರಣದ ಹೆಸರನ್ನು ಅದಕ್ಕೆ ಹೊಂದಿಸಿ ಬರೆಯುವುದನ್ನೂ ಕಲಿಯದಿದ್ದರೆ ಕಡತ ಮುಂದೆ ಸಾಗದು. ಇನ್ನು, ಪ್ರಶ್ನಾವಳಿಯನ್ನು ಇಂಗ್ಲಿಷಿನಿಂದ ಅಲ್ಲಲ್ಲೇ ಅನುವಾದಿಸಿ ಕೇಳಿದರೆ ಅಜ್ಜಿಯರು ಎಲ್ಲದಕ್ಕೂ ‘ಹೂಂ’ ಎನ್ನುತ್ತಾರೆ. ‘ಕೂಸು ಅಂಜೇತಿ’ ಎಂದು ಅವರೇ ಹೇಳಿ ತಾಯತ ತೋರಿಸಿದಾಗ, ಯಾವಾಗ ಅಂಜಿತು, ಆ ದಿನ ಮನೆಯಲ್ಲಿ ಯಾರಿದ್ದರು ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ. ತಾಯತವನ್ನು ಹಾಗೇ ಬಿಡಿ.

1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ಮಾನಸಿಕ ಕಾಯಿಲೆ, ಮೂರ್ಛೆರೋಗ ಗುರುತಿಸಲು ಕಲಿಸಿದ್ದೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅಂಗನವಾಡಿಯವರಿಗೂ ಅಂಥದೇ ಕಲಿಕೆ ಸಿಗಲಿ. ಆದರೆ ಅವರು ಸಂಶಯ ಬಂದ ಮಗುವನ್ನು ಕಳುಹಿಸಬೇಕು, ರೋಗದ ಹೆಸರು ಬರೆಯಬಾರದು.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. ಕಿವಿ ಪರೀಕ್ಷೆಗೆ ಬರೆದುಕೊಟ್ಟಿದ್ದೇನೆ. ಗವಿಮಠದ ಜಾತ್ರೆಗೆ ತಾಯಿ ಊರಿಗೆ ಬರುತ್ತಾರಂತೆ. ಆಗ ತಾಯಿ, ಅಜ್ಜಿ ಇಬ್ಬರೊಂದಿಗೂ ಮಗು ಆಡುವುದನ್ನು ಬೇರೆಬೇರೆಯಾಗಿ ನೋಡುತ್ತೇನೆ. ತರಬೇತಿಗೂ ಹೆಸರು ಕೊಡುತ್ತೇನೆ.