ಹಳೇ ಮನೆ ಮಾರುವ ಮುಂಚೆ ಯಾವ ಕೆಲಸ ಮಾಡಿಸಿದಿರಿ? ಅನುಭವ ಹೇಳಿ

ಕೇಳಿದವರು: ಬೆಂಗಳೂರು

ಹಾಸನದಲ್ಲಿ ಅಪ್ಪ 1998ರಲ್ಲಿ ಕಟ್ಟಿಸಿದ ಮನೆ ಇದೆ. 30×40 ಸೈಟು, ಎರಡು ರೂಮು. ಅಪ್ಪ ಹೋದ ಮೇಲೆ ಅಮ್ಮ ನನ್ನ ಜೊತೆ ಇದ್ದಾರೆ. ಒಂದು ವರ್ಷದಿಂದ ಮನೆಗೆ ಬೀಗ ಹಾಕಿದೆ. ಈಗ ಮಾರಲೇಬೇಕು. ಖರ್ಚು ಮಾಡಲು ಒಂದು ಲಕ್ಷಕ್ಕಿಂತ ಜಾಸ್ತಿ ಇಲ್ಲ. ಮಾಡ್ಯುಲರ್ ಕಿಚನ್ ಹಾಕಿಸಿ ಅಂತ ಒಬ್ಬರು, ನೆಲ ಕಿತ್ತು ಟೈಲ್ಸ್ ಹಾಕಿಸಿ ಅಂತ ಇನ್ನೊಬ್ಬರು ಹೇಳುತ್ತಾರೆ. ಮಾರಿ ಅನುಭವ ಇರುವವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ

ಅಕ್ಕಾ, ಎರಡೂ ಬೇಡ. ಮೊದಲು ತಾರಸಿ ಹತ್ತಿ ನೋಡಿ.

ನಮ್ಮ ಅತ್ತೆಯ ಮನೆಯನ್ನು ಎರಡು ವರ್ಷದ ಹಿಂದೆ ಮಾರಿದೆವು. ನಾವು ಬಣ್ಣದಿಂದ ಶುರು ಮಾಡಿ ಕೆಟ್ಟೆವು. ರೂಮಿನ ಮೂಲೆಯಲ್ಲಿ, ಬೀರುವಿನ ಹಿಂದೆ, ಊಟದ ತಟ್ಟೆಯಷ್ಟು ಅಗಲ ತೇವದ ಕಲೆ ಇತ್ತು. ಪುಟ್ಟಿ ಬಳಿದು ಎರಡು ಕೋಟ್ ಬಣ್ಣ ಹೊಡೆಸಿದೆವು. ಮೂರು ವಾರಕ್ಕೆ ಬಣ್ಣ ಹಪ್ಪಳದ ಹಾಗೆ ಎದ್ದಿತು. ಆಗ ಮನೆ ನೋಡಲು ಬಂದವರ ಜೊತೆ ಒಬ್ಬರು ಅಜ್ಜಿ ಇದ್ದರು. ಹಾಲ್ ದಾಟಿ ಸೀದಾ ಆ ಮೂಲೆಗೆ ಹೋದರು. ಗೋಡೆಗೆ ಅಂಗೈ ಒತ್ತಿದರು. ಉಗುರಿನಿಂದ ಸ್ವಲ್ಪ ಕೆರೆದು, ಬೆರಳಿಗೆ ಅಂಟಿದ ಬಿಳಿ ಪುಡಿಯನ್ನು ಮಗನಿಗೆ ತೋರಿಸಿದರು. ಒಂದು ಮಾತೂ ಆಡಲಿಲ್ಲ. ಅವರ ಫೋನ್ ಮತ್ತೆ ಬರಲಿಲ್ಲ. ಕಲೆ ಹಾಗೇ ಇದ್ದಿದ್ದರೆ ರೇಟು ಇಳಿಸಿ ಕೇಳುತ್ತಿದ್ದರೇನೋ. ಮುಚ್ಚಿಟ್ಟಿದ್ದಾರೆ ಅನ್ನಿಸಿದ ಮೇಲೆ ಯಾರು ತಾನೇ ನಂಬುತ್ತಾರೆ?

ಆಮೇಲೆ ಮೇಸ್ತ್ರಿಯನ್ನು ಕರೆಸಿದೆವು. ಅವರು ತಾರಸಿಯ ನೀರು ಹೋಗುವ ಬಾಯಿಗೆ ಬಟ್ಟೆ ತುರುಕಿ, ಎರಡು ಇಂಚು ನೀರು ನಿಲ್ಲಿಸಿ ಒಂದು ದಿನ ಬಿಟ್ಟರು. ಪ್ಯಾರಾಪೆಟ್ ಗೋಡೆ ತಾರಸಿಗೆ ಕೂಡುವ ಕಡೆ ಕೂದಲೆಳೆಯಷ್ಟು ಬಿರುಕು ಸಿಕ್ಕಿತು. ಅದನ್ನು ಕೆತ್ತಿ ಅಗಲ ಮಾಡಿ, ಧೂಳು ತೆಗೆದು, ತುಂಬಿ, ಮೇಲೆ ಫೈಬರ್ ಜಾಲರಿ ಹಾಸಿದರು. ಆಮೇಲೆ ಇಡೀ ತಾರಸಿಗೆ ವಾಟರ್‌ಪ್ರೂಫ್ ಕೋಟಿಂಗ್ ಎರಡು ಸಲ. ಇದಕ್ಕೆ 32,000 ಆಯಿತು. ಒಳಗೆ ಉಪ್ಪು ಬಿಟ್ಟ ಗಾರೆಯನ್ನು ಕೀಳಿಸಿ ಹೊಸ ಗಾರೆ ಹಾಕಿಸಿ, ಪೂರ್ತಿ ಒಣಗಲು ಬಿಟ್ಟು, ಆಮೇಲೆ ಬಣ್ಣ: 27,000. ನಲ್ಲಿ, ಫ್ಲಶ್ ಟ್ಯಾಂಕು, ಬಾಲ್ ವಾಲ್ವು, ಕೆಟ್ಟ ಸ್ವಿಚ್ಚುಗಳು ಸೇರಿ 8,500. ಒಟ್ಟು 67,500.

ಬಿರುಕಿನ ಫೋಟೋ, ಮೇಸ್ತ್ರಿ ಕೊಟ್ಟ ಬಿಲ್ಲು ಎರಡನ್ನೂ ಇಟ್ಟುಕೊಂಡಿದ್ದೆ. ಮುಂದೆ ಬಂದವರಿಗೆ ನಾನೇ ತೋರಿಸಿದೆ. ಅವರೇ ತೆಗೆದುಕೊಂಡರು. ನಿಮ್ಮ ಮನೆಯ ಕೆಲಸವನ್ನೂ ಬೇಸಿಗೆಯಲ್ಲೇ ಮುಗಿಸಿ. ಮಳೆ ಹಿಡಿದರೆ ಗೋಡೆ ಒಣಗಲ್ಲ. ಆಷಾಢ ಬಂದರೆ ನಮ್ಮ ಕಡೆ ಮುಂಗಡ ಕೊಡಲೂ ಜನ ಹಿಂದೆಮುಂದೆ ನೋಡುತ್ತಾರೆ.

ಶಿವಮೊಗ್ಗದಿಂದ

ನೆಲದ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮದು ರೆಡ್ ಆಕ್ಸೈಡ್ ನೆಲ. ಕೀಳಿಸುವ ಮನಸ್ಸಿತ್ತು, ದುಡ್ಡು ಸಾಲದೆ ಬಿಟ್ಟೆವು. ಒಂದಿಡೀ ದಿನ ಉಜ್ಜಿ ತೊಳೆದು, ಒಣಗಿದ ಮೇಲೆ ವ್ಯಾಕ್ಸ್ ಪಾಲಿಶ್ ಹಾಕಿದೆವು. ಕಿಟಕಿಯ ಸರಳುಗಳ ನೆರಳು ನೆಲದಲ್ಲಿ ಕಾಣುವಷ್ಟು ಹೊಳಪು ಬಂತು. ಕೊಂಡವರಿಗೆ ಆ ನೆಲವೇ ಇಷ್ಟವಾಯಿತು. ನಿಮ್ಮದು ಮೊಸಾಯಿಕ್ ಆಗಿದ್ದರೆ ಮಷೀನ್ ಪಾಲಿಶ್ ಮಾಡಿಸಿ. ಟೈಲ್ಸ್ ಹಾಕಿಸುವುದಕ್ಕಿಂತ ಎಷ್ಟೋ ಕಡಿಮೆ. ಕಿಚನ್ ಅಂತೂ ಕೊಳ್ಳುವವರು ತಮಗೆ ಬೇಕಾದ ಹಾಗೆ ಮಾಡಿಸಿಕೊಳ್ಳುತ್ತಾರೆ. ಗೋಡೆಯ ಎಣ್ಣೆ ಜಿಡ್ಡು ತೆಗೆಸಿದರೆ ಸಾಕು.

ಧಾರವಾಡದಿಂದ

ನಾನು ಮಾರಿದವನಲ್ಲ, ಹೋದ ವರ್ಷ ಕೊಂಡವನು. ಹನ್ನೊಂದು ಮನೆ ನೋಡಿದೆ. ಬೀಗ ಹಾಕಿದ ಮನೆಗಳಲ್ಲಿ ಬಾಗಿಲು ತೆಗೆದ ಕೂಡಲೇ ಮೋರಿ ವಾಸನೆ ಮುಖಕ್ಕೆ ಹೊಡೆಯುತ್ತಿತ್ತು. ಎಲ್ಲೋ ಪೈಪು ಒಡೆದಿದೆ ಅಂತಲೇ ಅನ್ನಿಸುತ್ತದೆ. ಎಷ್ಟೋ ಸಲ ಕಾರಣ ಅದಲ್ಲ ಅಂತ ಆಮೇಲೆ ನಮ್ಮ ಪ್ಲಂಬರ್ ಹೇಳಿದರು. ಬಚ್ಚಲಿನ ನೀರು ಹೋಗುವ ಕಡೆ ಕೆಳಗೆ ನಹಣಿ ಟ್ರ್ಯಾಪ್ ಇರುತ್ತದೆ. ಅದರಲ್ಲಿ ನಿಂತ ನೀರೇ ವಾಸನೆಯನ್ನು ತಡೆಯುವುದು. ತಿಂಗಳುಗಟ್ಟಲೆ ಬಳಸದಿದ್ದರೆ ಆ ನೀರು ಆರಿಹೋಗುತ್ತದೆ. ಯಾರಾದರೂ ಬರುವ ಹಿಂದಿನ ದಿನ ಬಚ್ಚಲು, ಕಕ್ಕಸು, ಸಿಂಕು ಎಲ್ಲಕ್ಕೂ ನೀರು ಹುಯ್ಯಿಸಿ, ಕಿಟಕಿ ತೆಗೆದಿಡಿಸಿ. ಇದಕ್ಕೆ ಒಂದು ರೂಪಾಯಿಯೂ ಬೇಡ.

ಅಟ್ಟವನ್ನೂ ಖಾಲಿ ಮಾಡಿಸಿ. ಸಾಮಾನು ತುಂಬಿದ್ದರೆ ಗೋಡೆ ಕಾಣಲ್ಲ, ಕಾಣದ ಗೋಡೆಯ ಮೇಲೆ ಅನುಮಾನ ಜಾಸ್ತಿ.

ಮಂಡ್ಯದಿಂದ

ಮೇಡಂ, ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇದೆಯಾ? ಹಾಗಿದ್ದರೆ ಪೈಂಟರ್‌ಗಿಂತ ಮುಂಚೆ ಅದನ್ನು ನೋಡಿ. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಬೇಕು. ಈಗ ಇ-ಖಾತಾ (ಖಾತೆಯ ಡಿಜಿಟಲ್ ದಾಖಲೆ) ಇಲ್ಲದೆ ನೋಂದಣಿ ಆಗಲ್ಲ. ಇ.ಸಿ.ಯನ್ನು, ಅಂದರೆ ಆಸ್ತಿಯ ಮೇಲೆ ಸಾಲ, ಋಣ ಇದೆಯೇ ಎಂದು ತೋರಿಸುವ ಪತ್ರವನ್ನು, ಸರ್ಕಾರದ ಕಾವೇರಿ ಪೋರ್ಟಲ್‌ನಲ್ಲೇ ತೆಗೆಯಬಹುದು. ಅಣ್ಣತಮ್ಮ, ಅಕ್ಕತಂಗಿ ಇದ್ದರೆ ಅವರ ಒಪ್ಪಿಗೆಯೂ ಬೇಕು. ನಮ್ಮ ಮನೆ ಸುಣ್ಣಬಣ್ಣ ಮುಗಿದು ಥಳಥಳ ಅನ್ನುತ್ತಿತ್ತು, ಬಂದವರಿಗೆ ಹಿಡಿಸಿಯೂ ಇತ್ತು. ಖಾತೆ ಆಗುವಷ್ಟರಲ್ಲಿ ಅವರು ಬೇರೆ ಮನೆ ನೋಡಿಕೊಂಡರು. ನಾಲ್ಕು ತಿಂಗಳು ಹೋಯಿತು.

ಕೇಳಿದವರು: ಬೆಂಗಳೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ತಮ್ಮ ಮತ್ತು ನಾನು ಹಾಸನಕ್ಕೆ ಹೋಗಿ ತಾರಸಿಯಲ್ಲಿ ನೀರು ನಿಲ್ಲಿಸಿದೆವು. ಭಾನುವಾರ ಬೆಳಿಗ್ಗೆ ಅಮ್ಮನ ರೂಮಿನ ಸೂರಿನಲ್ಲಿ ಫ್ಯಾನಿನ ಪಕ್ಕ ಒದ್ದೆ ಕಂಡಿತು. ಅಮ್ಮನಿಗೆ ಫೋನ್‌ನಲ್ಲಿ ಹೇಳಿದರೆ, 'ಅಲ್ಲೇ, ನಾನು ಮಳೆಗಾಲದಲ್ಲಿ ಬಕೆಟ್ ಇಡುತ್ತಿದ್ದದ್ದು' ಅಂದರು. ನಮಗೆ ಗೊತ್ತೇ ಇರಲಿಲ್ಲ. ಬುಧವಾರ ಮೇಸ್ತ್ರಿ ಬರುತ್ತಾರೆ. ಖಾತೆ ಅಪ್ಪನ ಹೆಸರಲ್ಲೇ ಇದೆ, ಅದಕ್ಕೆ ತಮ್ಮ ನಾಳೆ ಖಾತೆ ಮಾಡುವ ಕಚೇರಿಗೆ ಹೋಗುತ್ತಿದ್ದಾನೆ.