27 ವಾರಕ್ಕೆ ಹುಟ್ಟಿದ ಮಗ, ಜೂನ್‌ಗೆ ಬಳ್ಳಾರಿಗೆ ವಾಪಸ್: ಸ್ಕ್ಯಾನ್ ಬೇಕಾ? ಯಾವ ಕ್ಲಾಸು?

ಸಿರುಗುಪ್ಪ–ಲೀಡ್ಸ್: ಎಲ್ರಿಗೂ ನಮಸ್ಕಾರ. ಮಗ ಆಗಸ್ಟ್ ನಡುವೆ 27 ವಾರಕ್ಕೆ ಹುಟ್ಟಿದ, ದಿನ ತುಂಬೋದು ನವೆಂಬರ್‌ಗೆ ಇತ್ತು. ಈಗ ಇಲ್ಲಿ ಇಯರ್ 3 ಮುಗಿಸ್ತಾನೆ. ಮಾತು ಚೆನ್ನಾಗೈತೆ, ಓದ್ತಾನೆ. ಆದ್ರೆ "ಶೂ ಬಿಚ್ಚಿಟ್ಟು, ಕೈ ತೊಳ್ಕೊಂಡು, ಡಬ್ಬಿ ತಗೊಂಡು ಬಾ" ಅಂದ್ರೆ ಶೂ ಬಿಚ್ಚಿ ಅಲ್ಲೇ ನಿಂತ್ಬಿಡ್ತಾನೆ. ಲೆಕ್ಕ ಬಾಳ ನಿಧಾನ. ದಿನ ತುಂಬೋ ಮೊದ್ಲೇ ಹುಟ್ಟಿದ ಮಕ್ಕಳಿಗೆ ಮೆದುಳಿನ ರಕ್ತದ ಹರಿವೇ ಬೇರೆ ಅಂತ ಓದಿದಾಗಿಂದ ನಿದ್ದೆ ಇಲ್ಲ. ಜೂನ್‌ಗೆ ಬಳ್ಳಾರಿಗೆ ಬಂದ್ಬಿಡ್ತೀವಿ. ಸ್ಕ್ಯಾನ್ ಮಾಡಿಸ್ಬೇಕಾ? ಅಲ್ಲಿ 3ನೇ ಕ್ಲಾಸಿಗೆ ಹಾಕೋದಾ?

ಸಿಂಧನೂರು–ಮ್ಯಾಂಚೆಸ್ಟರ್ (ಎನ್‌ಐಸಿಯು, ಅಂದ್ರ ನವಜಾತ ಶಿಶುಗಳ ಐಸಿಯು ನರ್ಸ್): ತಂಗಿ, ಸ್ಕ್ಯಾನ್ ಬ್ಯಾಡ. ದಿನ ತುಂಬಿದ ಕೂಸಿನ ಮೆದುಳಿನ ರಕ್ತನಾಳ ಬಿಪಿ ಏರಿದ್ರ ಬಿಗಿ ಹಿಡೀತಾವ, ಇಳಿದ್ರ ಸಡಿಲ ಆಗ್ತಾವ. ಅದಕ್ಕ ಹರಿವು ಒಂದೇ ಸಮ ಇರ್ತದ. 27 ವಾರಕ್ಕ ಆ ಹಿಡಿತ ಗಟ್ಟಿ ಆಗಿರಂಗಿಲ್ಲ. ಬಿಪಿ ಒಮ್ಮೆಲೇ ಜಿಗಿದ್ರ ಮೆದುಳಿನ ಕುಹರದ (ಒಳಗಿನ ನೀರು ತುಂಬಿದ ಟೊಳ್ಳು) ಪಕ್ಕದ ತೆಳು ನಾಳ ಒಡೀತಾವ, ಹೆಚ್ಚಾಗಿ ಮೊದಲ 72 ತಾಸಿನಾಗ. ಬಿಪಿ ಕುಸಿದ್ರೂ ಕಷ್ಟ. ವೆಂಟಿಲೇಟರ್ ಜೋರಾಗಿ ಕಾರ್ಬನ್ ಡೈಆಕ್ಸೈಡ್ ಅತಿ ಕಮ್ಮಿ ಆದ್ರೂ ನಾಳ ಮುದುಡಿ ವೈಟ್ ಮ್ಯಾಟರ್‌ಗೆ ರಕ್ತ ಸಾಲಂಗಿಲ್ಲ. ಅದು ಮೆದುಳಿನ ಒಂದು ಭಾಗದಿಂದ ಇನ್ನೊಂದಕ್ಕ ಸುದ್ದಿ ಒಯ್ಯೋ ತಂತಿ ಇದ್ದಂಗ. ಅದಕ್ಕ ಪೆಟ್ಟು ಬಿದ್ರ ತಿಳುವಳಿಕೆ ಇದ್ರೂ ವೇಗ ಕಮ್ಮಿ ಆಗ್ತದ, ಮೂರು ಮಾತು ಒಟ್ಟಿಗೆ ತಲ್ಯಾಗ ನಿಲ್ಲಂಗಿಲ್ಲ.

ದೊಡ್ಡ ಮಕ್ಕಳ ಹರಿವು ಎಂಆರ್‌ಐನಾಗ ಎಎಸ್‌ಎಲ್ ಅನ್ನೋ ವಿಧಾನದಿಂದ ಅಳೀತಾರ. ಇಂಜೆಕ್ಷನ್ ಬ್ಯಾಡ, ರಕ್ತದಾಗಿನ ನೀರಿಗೇ ಅಯಸ್ಕಾಂತದಿಂದ ಗುರುತು ಹಾಕ್ತಾರ. ಗುಂಪು ಗುಂಪು ಹೋಲಿಸೋ ಸಂಶೋಧನೆಗೆ ಅದು ಸರಿ. ಒಬ್ಬ ಹುಡುಗನ ಅಂಕಿ ನೋಡಿ ಬರೆದುಕೊಡೋ ಔಷಧ ಇಲ್ಲ. ಫಿಟ್ಸ್, ಬೆಳಗಿನ ವಾಂತಿ-ತಲೆನೋವು, ಕಲಿತದ್ದು ಕಳೆದುಹೋಗೋದು ಇದ್ರ ಮಾತ್ರ ತಡ ಮಾಡಬ್ಯಾಡ.

ಗಂಗಾವತಿ–ರೆಡಿಂಗ್: ಸ್ಕ್ಯಾನ್ ಬಿಡ್ರಿ, ಮೊದ್ಲು ಟಿಕೆಟ್ ಕ್ಯಾನ್ಸಲ್ ಮಾಡ್ರಿ! ಇಎಚ್‌ಸಿಪಿ (ವಿಶೇಷ ನೆರವು ಬೇಕಾದ ಮಕ್ಕಳಿಗೆ ಬರೆದುಕೊಡೋ ಯೋಜನೆ) ಇಂಗ್ಲೆಂಡಿನಾಗ ಕಾನೂನು, ಬಳ್ಳಾರಿಯಾಗ ಬರೀ ಕಾಗದ. ಐವತ್ತು ಹುಡುಗ್ರ ಕ್ಲಾಸಿನಾಗ ನಿಮ್ಮ ಮಗನ್ನ ಯಾರು ನೋಡ್ತಾರ?

ಮಾನ್ವಿ–ದುಬೈ: ಅಣ್ಣಾರೆ, ಅಂಥ ಕ್ಲಾಸಿನಾಗೇ ನಾವೆಲ್ಲ ಓದೀವಿ. ನಮ್ಮಣ್ಣನ ಮಗಳು 7 ತಿಂಗಳಿಗೆ ಹುಟ್ಟಿದಾಕಿ, ರಾಯಚೂರಿನಾಗೇ ಓದಿ ಇಂಜಿನಿಯರ್ ಆಗ್ಯಾಳ. ಅಜ್ಜ-ಅಮ್ಮ ಮನ್ಯಾಗ ಇದ್ರ ಮಗು ತಾನೇ ಚುರುಕಾಗ್ತದ. ಎರಡು ಹೊತ್ತು ಟ್ಯೂಷನ್ ಹಾಕ್ರಿ.

ಸಿಂಧನೂರು–ಮ್ಯಾಂಚೆಸ್ಟರ್ (ಎನ್‌ಐಸಿಯು ನರ್ಸ್): 7 ತಿಂಗಳು ಅಂದ್ರ ಎಷ್ಟು ವಾರ? 32ಕ್ಕೂ 27ಕ್ಕೂ ಬಾಳ ವ್ಯತ್ಯಾಸ ಅದ.

ಗಂಗಾವತಿ–ರೆಡಿಂಗ್: ಅದನ್ನ ನಾನೂ ಹೇಳೋದು. ಊರಿನ ಸೆಳೆತಕ್ಕ ಮಗನ ಓದು ಬಲಿ ಕೊಡಬ್ಯಾಡ್ರಿ.

ಲಿಂಗಸುಗೂರು–ಸಿಡ್ನಿ: ಇಲ್ಲೇ ಇದ್ದು ಅಪ್ಪ-ಅವ್ವನ ಕಡಿಗಾಲಕ್ಕ ಸಿಗದವ್ರ ಸಂಕಟಾನೂ ಸ್ವಲ್ಪ ಯೋಚನಿ ಮಾಡ್ರಿ.

ಕುಷ್ಟಗಿ–ಟೊರಾಂಟೊ (ಶಾಲಾ ಮನಶ್ಶಾಸ್ತ್ರ): ಅಕ್ಕಾರ ಪ್ರಶ್ನೆ ಎಲ್ಲೋ ಹೋತು. ಹೊರಡೋ ಮುಂಚೆ ಲೀಡ್ಸ್‌ನಾಗೇ ವಿಸ್ಕ್ (ಮಕ್ಕಳ ಬುದ್ಧಿಶಕ್ತಿ ಅಳೆಯೋ) ಟೆಸ್ಟ್ ಮಾಡಿಸ್ರಿ. ರಿಪೋರ್ಟಿನಾಗ ಒಟ್ಟು ಐಕ್ಯೂ ಒಂದನ್ನೇ ನೋಡಬ್ಯಾಡ್ರಿ. ಸರಾಸರಿ 100, 85ರಿಂದ 115ರ ಒಳಗೆ ಬಹಳಷ್ಟು ಮಕ್ಕಳು ಬರ್ತಾರ. ಒಟ್ಟು 94 ಇದ್ದು ವರ್ಕಿಂಗ್ ಮೆಮೊರಿ (ಕೇಳಿದ್ದನ್ನ ಸ್ವಲ್ಪ ಹೊತ್ತು ತಲ್ಯಾಗ ಹಿಡಿದು ಬಳಸೋ ಶಕ್ತಿ) 78 ಇರಬಹುದು, "ನಾರ್ಮಲ್" ಅಂತ ಕಳಿಸಿಬಿಡ್ತಾರ. ಪ್ರಾಸೆಸಿಂಗ್ ಸ್ಪೀಡ್ (ಕೆಲಸ ಮಾಡೋ ವೇಗ) ಬ್ಯಾರೆ ಓದ್ರಿ. ಅದಕ್ಕೂ ಮೊದ್ಲು ಕಣ್ಣು, ಕಿವಿ, ಹಿಮೋಗ್ಲೋಬಿನ್, ರಾತ್ರಿ ಗೊರಕೆ ನೋಡಿಸ್ರಿ, ಇವೂ ಗಮನ ತಿಂತಾವ.

ಮನ್ಯಾಗ ಒಂದು ಸಲಕ್ಕ ಒಂದೇ ಮಾತು ಹೇಳ್ರಿ. ಬಾಗಿಲ ಹತ್ರ ಅವನ ಕಣ್ಣೆತ್ತರಕ್ಕ ಶೂ, ನಳ, ಡಬ್ಬಿ, ಮೂರು ಚಿತ್ರದ ಕಾರ್ಡ್ ಅಂಟಿಸ್ರಿ. ಲೆಕ್ಕಕ್ಕ ಬಾಯಿಪಾಠ ಆಮ್ಯಾಲೆ, ಮೊದ್ಲು 0–20ರ ಸಂಖ್ಯಾರೇಖೆ ಮ್ಯಾಲೆ ಬೆರಳಿಟ್ಟು ನಡೆಸ್ರಿ. ಎರಡು ಹೊತ್ತು ಟ್ಯೂಷನ್ ಹಾಕಿದ್ರ ದಣಿದು ಇನ್ನೂ ನಿಧಾನ ಆಗ್ತಾನ. ಕನ್ನಡ ಬಿಡಿಸಬ್ಯಾಡ್ರಿ, ಓಣ್ಯಾಗ ತೆಲುಗು ಕಿವಿಗೆ ಬಿದ್ರೂ ಹೆದರಿಕಿ ಬ್ಯಾಡ.

ಬಳ್ಳಾರಿ (ವಾಪಸ್ ಬಂದು ನೆಲೆಸಿದಾಕಿ): ಸಿಸ್ಟರ್, 2ನೇ ಕ್ಲಾಸಿಗೇ ಹಾಕ್ರಿ. ಇಲ್ಲಿ 1ನೇ ಕ್ಲಾಸಿಗೆ ಜೂನ್ 1ಕ್ಕೆ 6 ತುಂಬಿರ್ಬೇಕು. ನಿಮ್ಮ ಹುಡುಗನಿಗೆ ಜೂನ್‌ಗೆ 7 ವರ್ಷ 9 ತಿಂಗಳು, ಲೆಕ್ಕಕ್ಕೆ 2ನೇದೇ ಬರತೈತೆ. ಇಂಗ್ಲೆಂಡಿನಲ್ಲಿ ಶಾಲೆ ವಯಸ್ಸಿಗೆ ಸೆಪ್ಟೆಂಬರ್ 1ರ ಲೆಕ್ಕ ಇರೋದ್ರಿಂದ, ನವೆಂಬರ್‌ಗೆ ಹುಟ್ಟಬೇಕಾದೋನು ಅಲ್ಲಿ ಒಂದು ವರ್ಷ ಮೊದ್ಲೇ ಶಾಲೆಗೆ ಹೋಗ್ಯಾನೆ. ಆ ವರ್ಷ ಇಲ್ಲಿ ವಾಪಸ್ ಸಿಗತೈತೆ. "ಇಯರ್ 3 ಆಗೈತಲ್ಲ, 4ಕ್ಕೆ ಕೂಡ್ಸೋಣ" ಅಂತ ಶಾಲೆಯವ್ರು ಹೇಳಿದ್ರೆ ಒಪ್ಪಬೇಡ್ರಿ.

ಆಸ್ಪತ್ರೆ ದಾಖಲೆ ಈಗ್ಲೇ ಬರೆದು ಕೇಳ್ರಿ. ಅಲ್ಲಿ ಪುಕ್ಕಟೆ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡ್ಬೇಕು. ಡಿಸ್ಚಾರ್ಜ್ ಸಮರಿ, ನೆತ್ತಿ ಮೂಲಕ ಮಾಡಿದ ಮೆದುಳಿನ ಅಲ್ಟ್ರಾಸೌಂಡ್ ರಿಪೋರ್ಟ್, ಆರ್‌ಒಪಿ (ಬೇಗ ಹುಟ್ಟಿದ ಮಕ್ಕಳ ಕಣ್ಣಿನ ರೆಟಿನಾ ತೊಂದರೆ) ತಪಾಸಣೆ, ಕಿವಿ ಟೆಸ್ಟ್, 2 ಮತ್ತು 4 ವರ್ಷದ ಬೆಳವಣಿಗೆ ರಿಪೋರ್ಟ್, ಎಂಆರ್‌ಐ ಆಗಿದ್ರೆ ಅದರ ಸಿಡಿ. ಇಲ್ಲಿ ಬಂದ್ಮೇಲೆ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ಯೋಜನೆ) ಅಡಿ ಜಿಲ್ಲಾ ಮಟ್ಟದ ಡಿಇಐಸಿ, ಅಂದ್ರೆ ಮಕ್ಕಳ ಬೆಳವಣಿಗೆ ತೊಂದರೆ ನೋಡೋ ಕೇಂದ್ರ ಐತೆ, 18ರವರೆಗಿನ ಮಕ್ಕಳನ್ನ ನೋಡ್ತಾರೆ. ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲೂ ಐತೆ. ಸರ್ಟಿಫಿಕೇಟ್ ಬೇಕಾದ್ರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಚಾರಿಸ್ರಿ.

ಗಂಗಾವತಿ–ರೆಡಿಂಗ್: ಇಷ್ಟು ಓಡಾಟ ಯಾಕ್ರಿ? ಲೀಡ್ಸ್‌ನಾಗೇ ಇರ್ರಿ.

ಸಿರುಗುಪ್ಪ–ಲೀಡ್ಸ್: ಟಿಕೆಟ್ ಆಗೈತೆ ಅಣ್ಣ. ದಾಖಲೆಗೆ ಇವತ್ತೇ ಬರೀತೀನಿ. ಅಕ್ಕಾರೆ, ಎಂಆರ್‌ಐ ಸಿಡಿ ಇಲ್ಲಿನ ಕಂಪ್ಯೂಟರ್‌ನಲ್ಲಿ ತೆರೀತಿಲ್ಲ, ಏನ್ ಮಾಡ್ಲಿ?

ಬಳ್ಳಾರಿ: ಡೈಕಾಮ್ (ಸ್ಕ್ಯಾನ್ ಚಿತ್ರ ಇಡೋ ವಿಧಾನ) ಫೈಲ್ ಅದು, ಅದಕ್ಕೆ ಬೇರೆ ಸಾಫ್ಟ್‌ವೇರ್ ಬೇಕು. ಸಿಡಿ ಪೂರ್ತಿ ಪೆನ್‌ಡ್ರೈವ್‌ಗೂ ಕಾಪಿ ಮಾಡ್ಕೊಳ್ರಿ, ಬರೆದ ರಿಪೋರ್ಟ್ ಬೇರೆ ಪ್ರಿಂಟ್ ತರ್ರಿ.